ಮನೆಯವರ ಥಾರ್‌ನಲ್ಲೇ ಕಲಿತದ್ದು: ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಕಾಲದ ಇನ್ಶೂರೆನ್ಸ್ ಲೆಕ್ಕ

"ಎಲ್‌ಎಲ್‌ಆರ್ ಇಟ್ಟುಕೊಂಡು ಆ ಗಾಡಿ ಓಡಿಸಿದ್ರೆ ಕ್ಲೇಮ್ ಬರಲ್ಲ ಮೇಡಂ, ಮೊದಲು ಒಂದು ಹಳೇ ಆಲ್ಟೊ ತಗೊಳ್ಳಿ." ಶೋರೂಮಿನವರು, ಏಜೆಂಟರು, ನೆಂಟರು ಎಲ್ಲರದ್ದೂ ಇದೇ ರಾಗ. ಹಳೇ ಆಲ್ಟೊಗೆ ಕಡಿಮೆ ಅಂದರೂ ಒಂದೂವರೆ ಲಕ್ಷ, ಮೇಲೆ ಅದಕ್ಕೊಂದು ಇನ್ಶೂರೆನ್ಸ್, ಟೈರು, ಬ್ಯಾಟರಿ. ಅದರ ಗೋಜಿಗೇ ಹೋಗದೆ 2.2 ಡೀಸೆಲ್ ಥಾರ್‌ನಲ್ಲೇ ಕಲಿತದ್ದಾಯಿತು. ನಡುವೆ ಒಂದು ಕ್ಲೇಮ್ ಕೂಡ ಪಾಸಾಯಿತು. ಕಲಿಕೆಗೆಂದು ಪಾಲಿಸಿಯ ಮೇಲೆ ಹೆಚ್ಚಿಗೆ ಬಿದ್ದದ್ದು ಆರೇಳು ಸಾವಿರ. ಈಗ ಅದೇ ನೆಂಟರು ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ವಿಡಿಯೋ ನೋಡಿ ತಲೆ ಕೆಡಿಸಿಕೊಂಡವರು ಬಹಳ. ಅಲ್ಲಿ ವಿಮೆ ಓಡಿಸುವವರ ಹೆಸರಿಗೆ ಅಂಟಿಕೊಂಡಿರುತ್ತದೆ. ಗಂಡನ ಕಾರಿನಲ್ಲಿ ಕಲಿಯಲು ಕೆಲವು ವಾರಕ್ಕಷ್ಟೇ ಬೇರೆ ಪಾಲಿಸಿ ಸಿಗುತ್ತದೆ, ಗಾಡಿ ಜೋರಿದ್ದರೆ ಕಂಪನಿಗಳು ಹಿಂದೇಟು ಹಾಕುತ್ತವೆ. ನಮ್ಮಲ್ಲಿ ವಿಮೆ ಗಾಡಿಗೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಡ್ರೈವರ್ಸ್ ಕ್ಲಾಸ್ (Driver's Clause, ಯಾರು ಓಡಿಸಬಹುದು ಎಂಬ ಷರತ್ತು) ಅಂತ ಒಂದು ಪ್ಯಾರಾ ಇರುತ್ತದೆ. ಚಾಲ್ತಿ ಲೈಸೆನ್ಸ್ ಇರುವ ಯಾರೇ ಓಡಿಸಬಹುದು, ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 3ನೇ ನಿಯಮ ಪಾಲಿಸಿರಬೇಕು ಎಂದು ಅದರಲ್ಲೇ ಬರೆದಿದೆ. ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗಾದ ನಷ್ಟದ ವಿಷಯದಲ್ಲಂತೂ 2004ರಲ್ಲೇ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎಲ್‌ಎಲ್‌ಆರ್ ಕೂಡ ಲೈಸೆನ್ಸೇ ಎಂದು ಹೇಳಿಯಾಗಿದೆ. ಇಷ್ಟಿದ್ದೂ ಏಜೆಂಟರು ಇಲ್ಲ ಅನ್ನುವುದೇಕೆಂದರೆ ಪಾಲಿಸಿಯ ಬುಕ್‌ಲೆಟ್ ಬಿಚ್ಚಿ ನೋಡಿದವರು ಕಡಿಮೆ.

ಹಾಗಾಗಿ ಆಟವೆಲ್ಲ 3ನೇ ನಿಯಮದ ಮೇಲೆ. ಚಾಲ್ತಿ ಎಲ್‌ಎಲ್‌ಆರ್ ಇರಬೇಕು, ಆರು ತಿಂಗಳ ಅವಧಿ. ಪಕ್ಕದಲ್ಲಿ ಆ ಗಾಡಿಗೆ ಸರಿಯಾದ ಲೈಸೆನ್ಸ್ ಇರುವವರು ಕೂತಿರಬೇಕು. ಸುಮ್ಮನೆ ಕೂತರೆ ಸಾಲದು, ಗಾಡಿಯನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಇಲ್ಲವೇ ನಿಲ್ಲಿಸುವ ಜಾಗದಲ್ಲಿ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಕೂತು "ಬ್ರೇಕ್ ಒತ್ತು" ಅಂತ ಕೂಗುವ ಅತ್ತೆ ಮಾವ ಲೆಕ್ಕಕ್ಕಿಲ್ಲ. ಥಾರ್ ಗೆಲ್ಲುವುದು ಇಲ್ಲೇ: ಎರಡು ಸೀಟಿನ ನಡುವೆ ಎಳೆಯುವ ಹ್ಯಾಂಡ್‌ಬ್ರೇಕ್ ಇದೆ. ಬಟನ್ ಒತ್ತಿ ಹಿಡಿಯುವ ಎಲೆಕ್ಟ್ರಾನಿಕ್ ಬ್ರೇಕಿನ ಗಾಡಿಗಳಲ್ಲಿ ಪಕ್ಕದವರಿಗೆ ಇಷ್ಟು ಹಿಡಿತ ಸಿಗುವುದು ಕಷ್ಟ. ಕೂತವರು ಲಿವರಿನ ತುದಿಯ ಬಟನನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೇ ಎಳೆಯಬೇಕು. ಒತ್ತದೆ ಎಳೆದರೆ ಹಲ್ಲು ಕಚ್ಚಿ ನಿಲ್ಲುತ್ತದೆ, ಜಲ್ಲಿಯ ಮೇಲೆ ಹಿಂಬದಿ ಲಾಕಾಗಿ ಗಾಡಿ ಅಡ್ಡ ತಿರುಗುತ್ತದೆ. ಖಾಲಿ ಜಾಗದಲ್ಲಿ ಮೊದಲು ಇದನ್ನು ಪಕ್ಕದವರಿಗೇ ಅಭ್ಯಾಸ ಮಾಡಿಸಿ.

ಇನ್ನು ಎಲ್ ಬೋರ್ಡು. ಬಿಳಿ ಹಿನ್ನೆಲೆಗೆ ಕೆಂಪು ಅಕ್ಷರ, ಬೋರ್ಡು 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಿರಬಾರದು, ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ, ಮುಂದೆ ಮತ್ತು ಹಿಂದೆ. ಅಂಗಡಿಯಲ್ಲಿ ಸಿಗುವ ಸ್ಟಿಕ್ಕರುಗಳಲ್ಲಿ ಅರ್ಧಕ್ಕರ್ಧ ಈ ಅಳತೆಗಿಲ್ಲ. ಆನ್‌ಲೈನಲ್ಲಿ ಮ್ಯಾಗ್ನೆಟ್ ಬೋರ್ಡು ತರಿಸಿದ್ದು ದುಡ್ಡು ದಂಡ, ಏಕೆಂದರೆ ಗ್ರಿಲ್ಲೂ ಬಂಪರೂ ಪ್ಲಾಸ್ಟಿಕ್ಕು, ಬಾನೆಟ್ಟಿನ ಮೇಲೆ ಅಂಟಿಸಿದರೆ ಎದುರಿನವರಿಗೆ ಕಾಣದು. ಕೊನೆಗೆ ಕುಶಾಲನಗರದಲ್ಲಿ ಫ್ಲೆಕ್ಸ್ ಮಾಡುವವರ ಹತ್ತಿರ ಸನ್‌ಬೋರ್ಡಿನಲ್ಲಿ ಎರಡು ಮಾಡಿಸಿದ್ದು, ಇನ್ನೂರು ರೂಪಾಯಿ ಚಿಲ್ಲರೆ. ಹಿಂದಿನದನ್ನು ಸ್ಟೆಪ್ನಿಯ ನಡುವಿಗೆ, ಮುಂದಿನದನ್ನು ಗ್ರಿಲ್ಲಿನ ಸೀಳುಗಳಲ್ಲಿ ಕೇಬಲ್ ಟೈ ತೂರಿಸಿ ಕಟ್ಟಿದರೆ ಸರಿ. ನಂಬರ್ ಪ್ಲೇಟ್ ಮುಚ್ಚಬಾರದು, ಗ್ರಿಲ್ಲಿನ ನಡುವೆ ಗಾಳಿ ಹೋಗುವ ಜಾಗ ಬಿಟ್ಟು ಒಂದು ಬದಿಗೆ ಕಟ್ಟಬೇಕು. ಪ್ರತಿ ಸಲ ಹೊರಡುವ ಮುಂಚೆ ಬೋರ್ಡು ಕಾಣುವ ಹಾಗೆ ಮುಂದೆ ಹಿಂದೆ ಒಂದೊಂದು ಫೋಟೋ. ಫೋನಿನಲ್ಲಿ ತಾರೀಖು ಬೀಳುತ್ತದೆ, ಹಾನಿ ನೋಡಲು ಕಂಪನಿ ಕಳಿಸುವ ಸರ್ವೇಯರ್ ಮುಂದೆ ಕೆಲಸಕ್ಕೆ ಬರುವುದು ಅದೇ.

ದುಡ್ಡಿನ ವಿಷಯಕ್ಕೆ ಬರೋಣ. ಥರ್ಡ್ ಪಾರ್ಟಿ ಪ್ರೀಮಿಯಂಗೂ ಎಂಜಿನ್ನಿನ ಜೋರಿಗೂ ಸಂಬಂಧವಿಲ್ಲ, ಅದು ಸಿಸಿ ಲೆಕ್ಕ. 2022ರ ಜೂನಿನಿಂದ 1000 ಸಿಸಿವರೆಗೆ 2,094, 1500ರವರೆಗೆ 3,416, ಅದರ ಮೇಲೆ 7,897, ಇದಕ್ಕೆ ಜಿಎಸ್‌ಟಿ ಬೇರೆ. ತಮಾಷೆ ನೋಡಿ: ಹಿಂಬದಿ ಚಕ್ರಕ್ಕಷ್ಟೇ ಶಕ್ತಿ ಹೋಗುವ 1.5 ಡೀಸೆಲ್ ಥಾರ್‌ನಲ್ಲೂ ಟಾರ್ಕ್ (ಎಳೆಯುವ ಬಲ) ಅದೇ 300 ನ್ಯೂಟನ್ ಮೀಟರ್, ಆದರೆ 1497 ಸಿಸಿ ಆದ್ದರಿಂದ ಅರ್ಧಕ್ಕಿಂತ ಕಡಿಮೆ ಥರ್ಡ್ ಪಾರ್ಟಿ ಪ್ರೀಮಿಯಂ, ಕ್ಲೇಮಿನಲ್ಲಿ ಕಡ್ಡಾಯವಾಗಿ ಕೈಯಿಂದ ಹಾಕುವ ಮೊತ್ತವೂ 2,000ದ ಬದಲು 1,000. ಕಲಿಯುವವರು ಇದ್ದಾರೆಂದು ಥರ್ಡ್ ಪಾರ್ಟಿಯಲ್ಲಿ ಒಂದು ಪೈಸೆ ಏರುವುದಿಲ್ಲ.

ಬದಲಾಯಿಸಬೇಕಾದದ್ದು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಯ ಹಾನಿಗೆ ಕೊಡುವ ಭಾಗದ ಕಡೆ. ಕಲಿಯುವವರು ಒಡೆಯುವುದು ಬಂಪರ್ ಮೂಲೆ, ಚಕ್ರದ ಮೇಲಿನ ಕ್ಲ್ಯಾಡಿಂಗ್, ಕನ್ನಡಿಯ ಕವಚ. ಎಲ್ಲ ಪ್ಲಾಸ್ಟಿಕ್, ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ ಹಿಡಿಯುತ್ತಾರೆ. ಗಾಡಿಗೆ ಮೂರು ವರ್ಷ ತುಂಬಿದ್ದರೆ ತಗಡಿಗೂ ಶೇ. 25. ಅದಕ್ಕೇ ಈ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್ ಬೇಕೇ ಬೇಕು. ನಮ್ಮ ಐಡಿವಿಗೆ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ನಾಲ್ಕು ಸಾವಿರದ ಮೇಲೆ ಬಿತ್ತು. ವರ್ಷಕ್ಕೆ ಎರಡೇ ಕ್ಲೇಮ್ ಎಂಬ ಮಿತಿ ಎಷ್ಟೋ ಕಂಪನಿಗಳಲ್ಲಿ ಇರುತ್ತದೆ, ಓದಿಕೊಳ್ಳಿ. ಜೊತೆಗೆ ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ಕ್ಲೇಮ್ ಮಾಡಿದರೂ ನೋ ಕ್ಲೇಮ್ ಬೋನಸ್ ರಿಯಾಯಿತಿ ಉಳಿಸುವುದು. ಈ ಆಡ್-ಆನ್‌ಗಳು ಸಿಗುವುದು ಸಾಮಾನ್ಯವಾಗಿ ರಿನ್ಯೂವಲ್ ಹೊತ್ತಿಗೆ ಮಾತ್ರ. ಹಾಗಾಗಿ ಮೊದಲು ರಿನ್ಯೂವಲ್, ಆಮೇಲೆ ಎಲ್‌ಎಲ್‌ಆರ್. ಬಹಳ ಜನ ಉಲ್ಟಾ ಮಾಡಿಕೊಳ್ಳುತ್ತಾರೆ.

ವಾಲಂಟರಿ ಡಿಡಕ್ಟಿಬಲ್ (ಕ್ಲೇಮಿನಲ್ಲಿ ಇಷ್ಟನ್ನು ನಾವೇ ಹಾಕುತ್ತೇವೆಂದು ಒಪ್ಪುವ ಮೊತ್ತ) ತೆಗೆದುಕೊಂಡರೆ ಪ್ರೀಮಿಯಂ ಇಳಿಯುತ್ತದೆ ಎಂದು ತಳ್ಳುತ್ತಾರೆ. ಉಳಿಯುವುದು ಎರಡು ಎರಡೂವರೆ ಸಾವಿರ, ಕ್ಲೇಮ್ ಬಂದರೆ ಹೋಗುವುದು 15,000. ಕಲಿಯುವ ವರ್ಷ ಬೇಡವೇ ಬೇಡ.

ಎನ್‌ಸಿಬಿ ಲೆಕ್ಕವನ್ನು ಯಾರೂ ಕೂತು ಹಾಕುವುದಿಲ್ಲ. ರಿಯಾಯಿತಿ 20, 25, 35, 45, 50 ಎಂದು ಏರುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಒಂದು ಕ್ಲೇಮ್ ಬಂತೆಂದರೆ ಸೊನ್ನೆ. ನಿಮಗೀಗ 35 ಇದ್ದರೆ ಮುಂದಿನ ವರ್ಷ 45 ಸಿಗಬೇಕಾದ ಕಡೆ 0, ಅದರ ಮುಂದೆ 50ರ ಕಡೆ 20, ಆಮೇಲೆ 50ರ ಕಡೆ 25. ಮೂರು ವರ್ಷದಲ್ಲಿ ಒಟ್ಟು ನಷ್ಟ ಸುಮಾರು ಒಂದು ವರ್ಷದ ಪೂರಾ ಓನ್ ಡ್ಯಾಮೇಜ್ ಪ್ರೀಮಿಯಂ. ಅದು ಹದಿನೈದು ಹದಿನೆಂಟು ಸಾವಿರ ಎಂದಿಟ್ಟುಕೊಂಡರೆ, ಪ್ರೊಟೆಕ್ಟ್ ಇಲ್ಲದವರು ಅದಕ್ಕಿಂತ ಕಡಿಮೆಯ ಡೆಂಟನ್ನು ಹೊರಗೆ ಟಿಂಕರಿಂಗ್ ಮಾಡಿಸುವುದೇ ಲಾಭ. ಪ್ರೊಟೆಕ್ಟ್ ಇದ್ದರೂ ಎಂಟು ಸಾವಿರದ ಕೆಲಸಕ್ಕೆ ಒಂದು ಕ್ಲೇಮನ್ನು ಸುಡಬೇಡಿ.

ಎಲ್ಲರೂ ಬಿಡುವುದು ಕಲಿಯುವವರ ಜೀವದ ವಿಮೆಯನ್ನು. ಕಡ್ಡಾಯದ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ, ಅವರಿಗೆ ಲೈಸೆನ್ಸ್ ಇದ್ದರೆ. ಪಕ್ಕದ ಸೀಟಿನಲ್ಲಿ ಕೋ-ಡ್ರೈವರ್ ಆಗಿ ಕೂತಾಗಲೂ ಅದು ಅವರಿಗೆ ನಡೆಯುತ್ತದೆ. ಸ್ಟಿಯರಿಂಗ್ ಹಿಡಿದ ಹೆಂಡತಿಗೆ ಏನೂ ಇಲ್ಲ. ತಪ್ಪು ಓಡಿಸಿದವರದ್ದೇ ಆದರೆ ಥರ್ಡ್ ಪಾರ್ಟಿಯಲ್ಲೂ ಅವರಿಗೆ ದುಡ್ಡು ಬರದು. ಇದಕ್ಕೆ ಐಎಂಟಿ 15 ಎನ್ನುವ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ನಂಬರ್ ಹಾಕಿದ ಷರತ್ತು) ಇದೆ, ಹೆಸರು ಬರೆಸಿ ತೆಗೆದುಕೊಳ್ಳುವ ಅಪಘಾತ ಕವರ್, ನೂರಿನ್ನೂರು ರೂಪಾಯಿಯ ಮಾತು. ಕೌಂಟರಿನಲ್ಲಿ ಕೇಳಿದರೆ ಐಎಂಟಿ 16 ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ಹೆಸರಿಲ್ಲದ ಪ್ರಯಾಣಿಕರಿಗೆ. ನಂಬರ್ ಹೇಳಿಯೇ ಕೇಳಿ. ಮೊತ್ತ ಸಾಲದಿದ್ದರೆ ಬೇರೆಯಾಗಿ ಒಂದು ಅಪಘಾತ ಪಾಲಿಸಿ ಮಾಡಿಸಿಕೊಳ್ಳಬಹುದು.

ಪಾಲಿಸಿ ಕೈಗೆ ಬಂದ ಮೇಲೆ ಕಂಪನಿಗೆ ಒಂದು ಇಮೇಲ್. ಪಾಲಿಸಿ ನಂಬರ್, ಎಲ್‌ಎಲ್‌ಆರ್ ನಂಬರ್, "3ನೇ ನಿಯಮದಂತೆ ಇವರು ಓಡಿಸುವಾಗ ಓನ್ ಡ್ಯಾಮೇಜ್ ಕವರ್ ಇದೆಯೇ, ಹೌದು ಅಥವಾ ಇಲ್ಲ ಎಂದು ತಿಳಿಸಿ." ಮೊದಲು ಬರುವುದು ಅಚ್ಚು ಹೊಡೆದ ಉತ್ತರ, ನಿಬಂಧನೆಗಳನ್ನು ನೋಡಿ ಅಂತ. ಅದನ್ನೇ ಗ್ರೀವೆನ್ಸ್ (ದೂರು) ವಿಭಾಗಕ್ಕೆ ಕಳಿಸಿದರೆ ಒಂದು ಸಾಲಿನ ಹೌದು ಬರುತ್ತದೆ. ಪ್ರಿಂಟ್ ತೆಗೆದು ಆರ್‌ಸಿ ಜೊತೆ ಇಡಿ. ಯಾವ ಕಂಪನಿ ಎಂದು ಹೇಳುವುದಿಲ್ಲ, ರಿನ್ಯೂವಲ್ ಕೊಟೇಶನ್ನನ್ನು ಕೊನೆಗೆ ಇನ್ನೊಂದು ಸಾವಿರ ಇಳಿಸಿದ ಉಪಾಯವನ್ನೂ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ಅದು ನಡೆಯುವುದು ನಿಲ್ಲುತ್ತದೆ.

2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಒಪ್ಪಿಗೆ ಕೊಟ್ಟ ಹೊಸ ನಮೂನೆಯ ಪಾಲಿಸಿಗಳನ್ನೂ ನೋಡಿದ್ದಾಯಿತು. ಕಿಲೋಮೀಟರ್ ಲೆಕ್ಕದ್ದು ಕೊಡಗಿನ ನಮ್ಮ ಕಾಫಿ ತೋಟದ ಗಾಡಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಕಲಿಯುವಾಗ ಓಟ ಹೆಚ್ಚು. ಓಡಿಸುವ ರೀತಿ ನೋಡಿ ಬೆಲೆ ಕಟ್ಟುವುದಂತೂ ಕಲಿಯುವವರಿಗೆ ಅಲ್ಲವೇ ಅಲ್ಲ, ನಮ್ಮ ತಿರುವುಗಳಲ್ಲಿ ಹಳಬರು ಓಡಿಸಿದರೂ ಬ್ರೇಕಿನ ಅಂಕ ಕೆಟ್ಟದಾಗೇ ಬರುತ್ತದೆ. ಡ್ಯಾಶ್‌ಕ್ಯಾಮ್ ಮಾತ್ರ ಉಪಯೋಗಕ್ಕೆ ಬಂತು. ಒಳಗೂ ಚಿತ್ರ ಹಿಡಿಯುವುದನ್ನು ಹಾಕಿಸಿ, ಪಕ್ಕದಲ್ಲಿ ಯಾರು ಕೂತಿದ್ದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪಾಲಿಸಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲ? ಮೊದಲನೆಯದು ಕ್ಲಚ್. ಸವೆತ, ಯಾಂತ್ರಿಕ ಕೆಡುಕು ಯಾವ ಪಾಲಿಸಿಯಲ್ಲೂ ಇಲ್ಲ. ಕೊಡಗಿನ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಂತರೆ ಪ್ಲೇಟ್ ಸುಟ್ಟ ವಾಸನೆ ಬರಲು ಎಷ್ಟು ಹೊತ್ತು? ಸೆಟ್ ಬದಲಿಸಿದರೆ ಲೇಬರ್ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಇದಕ್ಕೆ ಮದ್ದು ಥಾರ್‌ನಲ್ಲೇ ಇದೆ: ಫೋರ್ ಲೋ (4ಎಲ್), ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ನಿಧಾನದ ಗೇರ್. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಚಿಕ್ಕ ಲಿವರನ್ನು 4ಎಲ್‌ಗೆ ಹಾಕಿ, ಫಸ್ಟ್ ಗೇರ್. ಕ್ಲಚ್ ಪೂರ್ತಿ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೇ ತೋಟದ ಏರನ್ನು ನಡಿಗೆಯ ವೇಗದಲ್ಲಿ ಹತ್ತುತ್ತದೆ. ಆಫ್ ಆಗುವುದಿಲ್ಲ, ಹಾರುವುದೂ ಇಲ್ಲ, ಕೈ ಸ್ಟಿಯರಿಂಗಿಗೆ ಒಗ್ಗುತ್ತದೆ. ಮಣ್ಣು, ಜಲ್ಲಿಯ ಮೇಲೆ ಮಾತ್ರ ಇದು. ಟಾರಿನ ಮೇಲೆ, ಸಿಮೆಂಟ್ ಕಣದಲ್ಲಿ 4ಎಲ್ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದು ಕೂರುತ್ತವೆ, ಲಿವರ್ ಬಿಡಿಸಲು ಒದ್ದಾಡಬೇಕು. ಕೈ ಒಗ್ಗಿದ ಮೇಲೆ 2ಎಚ್ (ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಮಾಮೂಲಿ ಓಟ), ಆಮೇಲೆ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಸ್ಟಾರ್ಟ್.

ಎರಡನೆಯದು ನಿಮ್ಮದೇ ಆಸ್ತಿ. ಥರ್ಡ್ ಪಾರ್ಟಿ ಆಸ್ತಿಗೆ 7.5 ಲಕ್ಷದವರೆಗೆ ಇದೆ, ಆದರೆ ಮಾಲೀಕರದ್ದೇ ಗೇಟು, ಕಣದ ಕಟ್ಟೆ, ನೀರಿನ ತೊಟ್ಟಿಗೆ ಇಲ್ಲ. ಗಾಡಿಯ ಡ್ಯಾಮೇಜ್ ಮಾತ್ರ ಸಿಗುತ್ತದೆ. ತೋಟದೊಳಗೆ ಲೈಸೆನ್ಸ್ ಯಾಕೆ ಎನ್ನುವವರಿಗೆ ಒಂದು ಮಾತು: ಒಳಗೆ ಪೊಲೀಸರು ಕೇಳದಿರಬಹುದು, ಡ್ರೈವರ್ಸ್ ಕ್ಲಾಸ್ ಕೇಳುತ್ತದೆ. ಎಲ್‌ಎಲ್‌ಆರ್ ಬರುವ ಮುಂಚೆ ಕಣದಲ್ಲಿ ಓಡಿಸಿ ತಗುಲಿಸಿದರೂ ಓನ್ ಡ್ಯಾಮೇಜ್ ಹೋಯಿತು. ರಸ್ತೆಯಲ್ಲಾದರೆ ಕೊಟ್ಟ ಮಾಲೀಕರಿಗೂ ಓಡಿಸಿದವರಿಗೂ 5,000ದವರೆಗೆ ದಂಡ, ಯಾರಿಗಾದರೂ ಪೆಟ್ಟಾದರೆ ಕಂಪನಿ ಕೊಟ್ಟು ಮಾಲೀಕರಿಂದ ವಸೂಲಿ ಮಾಡುವ ಸಾಧ್ಯತೆ. ಲೈನ್‌ಮನೆಯವರನ್ನು (ತೋಟದ ಕೆಲಸದವರನ್ನು) ಹಿಂದೆ ಕೂರಿಸಿಕೊಂಡು ಅಭ್ಯಾಸ ಮಾಡಬೇಡಿ, ನೌಕರರ ಹೊಣೆಗೆ ಐಎಂಟಿ 29 ಬೇರೆ ಬೇಕು. ಪಕ್ಕದ ತೋಟದ ಹುಡುಗಿಗೆ ಕಲಿಸಿ ಡೀಸೆಲ್ ದುಡ್ಡು ಎಂದು ತೆಗೆದುಕೊಂಡರೆ ಅದು ಬಾಡಿಗೆ ಬಳಕೆ ಎನಿಸಿಕೊಳ್ಳಬಹುದು.

ಆರು ತಿಂಗಳನ್ನು ಎಲ್ಲಿ ಕೂರಿಸುವುದು ಎಂಬುದೂ ಲೆಕ್ಕವೇ. ಮೇ ತಿಂಗಳಲ್ಲಿ ಎಲ್‌ಎಲ್‌ಆರ್ ಮಾಡಿಸಿದರೆ ಮಳೆಗಾಲವೇ ಅದನ್ನು ನುಂಗುತ್ತದೆ. ಡಿಸೆಂಬರಿಗೆ ಕಣದ ತುಂಬ ಕಾಫಿ, ದಾರಿಯ ತುಂಬ ಟ್ರ್ಯಾಕ್ಟರು. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಕೂಡಲೇ ಶುರು ಮಾಡಿದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯೊಳಗೆ ಕೈ ಕೂರುತ್ತದೆ. ಮೊದಲು ಕುಶಾಲನಗರ, ಕೂಡಿಗೆ, ಹೆಬ್ಬಾಲೆ ಕಡೆಯ ಸಮತಟ್ಟು ರಸ್ತೆ. ಶನಿವಾರ ಭಾನುವಾರ ಮಡಿಕೇರಿ ಬೇಡ. ಸಂಪಾಜೆ, ಮಾಕುಟ್ಟ ಘಾಟಿ ಲೈಸೆನ್ಸ್ ಬಂದ ಮೇಲೆ. ಸಿದ್ದಾಪುರ, ತಿತಿಮತಿ ಕಡೆ ಮುಂಜಾನೆ, ಮುಸ್ಸಂಜೆ ಆನೆ ಓಡಾಡುವ ಹೊತ್ತು, ಅಲ್ಲಿ ರಿವರ್ಸ್ ಗೇರ್ ಹುಡುಕುವ ಪರಿಸ್ಥಿತಿ ಬರಬಾರದು.

ಕ್ಲೇಮ್ ನಡೆದದ್ದು ಹೀಗೆ. ಮುಂದಿನ ಎಡ ಮೂಲೆ ಕಲ್ಲಿನ ಕಟ್ಟೆಗೆ: ಬಂಪರ್, ಕ್ಲ್ಯಾಡಿಂಗ್, ಫಾಗ್ ಲ್ಯಾಂಪ್, ಫೆಂಡರ್ ಪೇಂಟ್, ಎಲ್ಲ ಸೇರಿ ನಲವತ್ತು ಸಾವಿರದ ಒಳಗೆ. ಗಾಡಿ ಸರಿಸುವ ಮೊದಲು ಫೋಟೋ, ಅವತ್ತೇ ಕಂಪನಿಗೆ ತಿಳಿಸುವುದು, ಫಾರ್ಮಿನಲ್ಲಿ ಚಾಲಕರ ಕಡೆ ಎಲ್‌ಎಲ್‌ಆರ್ ನಂಬರ್, ಜೊತೆಗಿದ್ದವರ ಕಡೆ ಮನೆಯವರ ಲೈಸೆನ್ಸ್ ನಂಬರ್. "ಓಡಿಸಿದ್ದು ಯಜಮಾನ್ರು ಅಂತ ಬರೆದುಬಿಡಿ, ಸುಲಭ" ಎಂದು ಗ್ಯಾರೇಜಿನಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಹಾಗೆ ಬರೆದರೆ ಪಾಸಾಗಬೇಕಾದ ಕ್ಲೇಮೂ ಸುಳ್ಳು ಹೇಳಿಕೆ ಎಂಬ ಕಾರಣಕ್ಕೆ ಬಿದ್ದುಹೋಗುತ್ತದೆ. ಸರ್ವೇಯರ್ ಕೇಳಿದ್ದು ಬೋರ್ಡಿನ ಫೋಟೋ, ಎರಡು ಲೈಸೆನ್ಸ್, ಪಕ್ಕದವರು ಎಲ್ಲಿ ಕೂತಿದ್ದರು ಎಂಬುದು. ಇಮೇಲ್ ಪ್ರಿಂಟ್ ನೋಡಿದ ಮೇಲೆ ಮತ್ತೇನೂ ಕೇಳಲಿಲ್ಲ. ಕೈಯಿಂದ ಹೋದದ್ದು ಕಡ್ಡಾಯದ 2,000 ಮತ್ತು ನಟ್ಟು, ಕ್ಲಿಪ್ಪು, ಎಣ್ಣೆಯ ಲೆಕ್ಕದಲ್ಲಿ ಕೆಲವು ನೂರು. ಝೀರೋ ಡೆಪ್ ಇಲ್ಲದಿದ್ದರೆ ಹದಿನೈದು ಸಾವಿರವಾದರೂ ಹೋಗುತ್ತಿತ್ತು.

ಎಲ್‌ಎಲ್‌ಆರ್ ಆಗಿ 30 ದಿನ ಕಳೆದ ಮೇಲೆ ಮಡಿಕೇರಿ ಆರ್‌ಟಿಓದಲ್ಲಿ ಟೆಸ್ಟಿಗೆ ಸ್ಲಾಟ್ ತೆಗೆದುಕೊಳ್ಳಬಹುದು. ಅದೇ ಗಾಡಿಯಲ್ಲಿ ಹೋಗುವುದಾದರೆ ಬೋರ್ಡು ಬಿಚ್ಚಬೇಡಿ, ಆರ್‌ಸಿ, ಇನ್ಶೂರೆನ್ಸ್, ಹೊಗೆ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ. ಬರುವಾಗ ಡಿಎಲ್ ಇನ್ನೂ ಕೈಗೆ ಬಂದಿರುವುದಿಲ್ಲ, ಪಕ್ಕದ ಸೀಟಿಗೆ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡೇ ವಾಪಸ್ ಬನ್ನಿ.