ದಾವಣಗೆರೆಗೆ ಹೊಸದಾಗಿ ಬಂದಿದ್ದೀರಾ? ಫೋನು, ಕುಕ್ಕರ್ ಎರಡರ ಮೇಲೂ ಕಣ್ಣಿರಲಿ

ಮನೆ ಹಿಡಿದ ಮೊದಲ ತಿಂಗಳು ಫೋನಿಗೆ ಬಿಡುವೇ ಇರುವುದಿಲ್ಲ. ಗ್ಯಾಸ್ ಕನೆಕ್ಷನ್, ಮಕ್ಕಳ ಶಾಲೆ, ಬ್ಯಾಂಕಿನ ವಿಳಾಸ ಬದಲಾವಣೆ, ಎಲ್ಲಾ ಕಡೆಯಿಂದ ಮೆಸೇಜು ಬರುತ್ತವೆ. ಮೋಸದ ಮೆಸೇಜು ನುಸುಳುವುದೂ ಇದೇ ಹೊತ್ತಿನಲ್ಲಿ. ಯಾವುದು ಅಸಲಿ, ಯಾವುದು ನಕಲಿ ಅಂತ ನಿಮಗಿನ್ನೂ ಗೊತ್ತಾಗಿರುವುದಿಲ್ಲ, ಅಲ್ವಾ?

ಇಲ್ಲಿ ಕರೆಂಟ್ ಕೊಡುವುದು ಬೆಸ್ಕಾಂ. ಹಾವೇರಿ ಕಡೆಯಿಂದ ಬಂದವರಿಗೆ ಹೆಸ್ಕಾಂ, ಬಳ್ಳಾರಿಯವರಿಗೆ ಜೆಸ್ಕಾಂ ರೂಢಿ. ‘ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ’ ಅಂತ ಯಾವುದೋ ಮೊಬೈಲಿನಿಂದ ಬಂದರೆ ಆ ನಂಬರಿಗೆ ಮಾಡಬೇಡಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಮಾಡಿ ಕೇಳಿ.

ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲ್ ಇನ್ನೂ ಅಪಾಯ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ, ಹೀಗೆ ಏನೇನೋ ಹೆಸರಿನಲ್ಲಿ ಬರುತ್ತದೆ. ಪರಿಚಯದವರ ನಂಬರಿನಿಂದಲೂ ಬರಬಹುದು, ಅವರ ಫೋನೇ ಕಳ್ಳರ ಕೈಯಲ್ಲಿರುತ್ತದೆ. ಅದು ಫೋಟೋ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ನಿಮ್ಮ ಎಸ್‌ಎಂಎಸ್ ಓದುತ್ತದೆ, ಓಟಿಪಿ ಆಚೆ ಹೋಗುತ್ತದೆ. ಗೊತ್ತಿಲ್ಲದೆ ಹಾಕಿಕೊಂಡಿದ್ದರೆ ಮೊದಲು ಆ ಫೋನಿನ ಇಂಟರ್‌ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಅದು ದಾಟುವ ಮುಂಚೆ ದೂರು ಹೋದರೆ ತಡೆಯಲು ದಾರಿ ಇರುತ್ತದೆ. ಆಮೇಲೆ ಸೈಬರ್ ಮೋಸದ ದೂರು ತೆಗೆದುಕೊಳ್ಳುವ ನಗರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ನಾಚಿಕೆ ಪಟ್ಟು ಸುಮ್ನೆ ಕೂರಬೇಡಿ. ಒಬ್ಬರೇ ಹೋಗಲು ಅಳುಕಿದ್ದರೆ ನಮ್ಮ ಸಂಘದವರು ಜೊತೆಗೆ ಬರುತ್ತೇವೆ.

ಕಾಲೇಜಿಗೆ ಹೋಗುವ ಮಕ್ಕಳಿಗೆ ಹಳೆ ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್ 11 ಹಾಕಲು ಬರುತ್ತದಾ ಕೇಳಿ. ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಕೊಡುವ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಇನ್ನು ಅಡುಗೆಮನೆ. ಹೊಸ ಸಂಸಾರಕ್ಕೆ ಕುಕ್ಕರ್, ಒಲೆ, ಚಾರ್ಜರ್ ಎಲ್ಲಾ ಒಟ್ಟಿಗೆ ಕೊಳ್ಳುತ್ತೇವೆ, ರೇಟು ಕಮ್ಮಿ ಇದ್ದದ್ದರ ಕಡೆ ಕೈ ಹೋಗುತ್ತದೆ. ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿಲ್ಲದ ಕುಕ್ಕರ್ ತನ್ನಲ್ಲಿ ಮಾರಲು ಬಿಟ್ಟಿದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಕೊಂಡಿದ್ದ 2,265 ಕುಕ್ಕರ್‌ಗಳ ಗ್ರಾಹಕರಿಗೆ ತಿಳಿಸಿ, ವಾಪಸ್ ಪಡೆದು, ದುಡ್ಡು ಮರಳಿಸಲು ಹೇಳಿತು. ಗುರುತಿನ ಜೊತೆಗಿರುವ ಸಿಎಂ/ಎಲ್ ನಂಬರನ್ನು (ಪರವಾನಗಿ ನಂಬರು) ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಅದು ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಇಂಥ ವಾಪಸಾತಿ ಸುದ್ದಿ ಬರುವುದು ಕೊಳ್ಳುವಾಗ ಕೊಟ್ಟ ನಂಬರಿಗೆ. ಊರು ಬದಲಾಯಿಸಿ ಸಿಮ್ಮೂ ಬದಲಾಯಿಸಿದ್ದರೆ ಅದು ನಿಮಗೆ ತಲುಪುವುದೇ ಇಲ್ಲ. ಹೊಸ ನಂಬರ್ ಕೊಡಿ. ಬಿಲ್ಲಿನ ಮತ್ತು ಮಾಡೆಲ್ ನಂಬರಿನ ಫೋಟೋ ತೆಗೆದಿಡಿ. ಇಲ್ಲೂ ಒಂದು ಎಚ್ಚರ: ‘ನಿಮ್ಮ ಮಿಕ್ಸಿ ವಾಪಸ್ ಪಡೆಯುತ್ತೇವೆ, ದುಡ್ಡಿಗಾಗಿ ಈ ಲಿಂಕ್ ಒತ್ತಿ’ ಅಂತಲೂ ಮೋಸ ಮಾಡಬಹುದು. ಲಿಂಕ್ ಬಿಡಿ, ಡಬ್ಬದ ಮೇಲಿರುವ ಕಂಪನಿ ನಂಬರಿಗೆ ಮಾಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಅಂಗಡಿಯವರು, ಕಂಪನಿಯವರು ನಿಮ್ಮ ದೂರಿಗೆ ಕಿವಿಗೊಡದಿದ್ದರೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು.

ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವಾಗ ಹಿಡಿಯ ಕೆಳಗಿನ ಪಟ್ಟಿ ನೋಡಿ. ‘ಡಿ-27’ ಅಂತಿದ್ದರೆ 2027ರ ಡಿಸೆಂಬರ್ ಒಳಗೆ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್. ಅವಧಿ ಮುಗಿದಿದ್ದರೆ ಅಲ್ಲೇ ವಾಪಸ್ ಕಳಿಸಿ. ಗ್ಯಾಸ್ ಸೋರುತ್ತಿದ್ದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಆಚೆ ಬಂದು 1906ಕ್ಕೆ ಫೋನ್ ಮಾಡಿ.