ಟಿಬಿ ಮಾತ್ರೆ ನಿಲ್ಲಿಸಿ ಫಂಗಸ್‌ಗೆ ಔಷಧಿ ಕೊಟ್ಟಿದ್ದು: ನನ್ನ ಅನುಭವ

ನಾನು ಶ್ವಾಸಕೋಶದ ಡಾಕ್ಟರ್. ರಕ್ತದ ಕ್ಯಾನ್ಸರ್‌ಗೆ ಕೀಮೋ ಮುಗಿಸಿ ಊರಿಗೆ ಹೋಗಿದ್ದ ರೈತರೊಬ್ಬರು ಜ್ವರ, ಕೆಮ್ಮು ಅಂತ ನನ್ನ ಹತ್ತಿರ ಬಂದಾಗ ಅವರ ಚೀಲದಲ್ಲಿ ಟಿಬಿ ಮಾತ್ರೆಗಳಿದ್ದವು. ಬೇರೆ ಕಡೆ ಎಕ್ಸ್‌ರೇಯಲ್ಲಿ ಕಲೆ ನೋಡಿ, ಕಫದಲ್ಲಿ ಏನೂ ಸಿಗದಿದ್ದರೂ ಶುರು ಮಾಡಿದ್ದರು. ಹತ್ತು ದಿನವಾದರೂ ಜ್ವರ ಇಳಿದಿರಲಿಲ್ಲ. ನಮ್ಮಲ್ಲಿ ಟಿಬಿ ಜಾಸ್ತಿ, ಅದೇ ಮೊದಲು ಹೊಳೆಯುವುದು ಸಹಜ. ಆದರೆ ಇವರ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಇನ್ನೂ 500 ದಾಟಿರಲಿಲ್ಲ. ಅಂಥವರಲ್ಲಿ ನನಗೆ ಮೊದಲು ಭಯ ಆಗುವುದು ಆಸ್ಪರ್ಜಿಲಸ್ ಎಂಬ ಬೂಷ್ಟಿನ (ಫಂಗಸ್) ಬಗ್ಗೆ.

ಮನೆಯಲ್ಲಿ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಸುಮ್ನೆ ಕೂರೋಕಾಗಲ್ಲ ಸಾರ್, ಹಸುಗೆ ಹುಲ್ಲು ಹಾಕ್ತಿದ್ದೆ" ಅಂದರು. ಮಳೆಗೆ ನೆನೆದ ಬಣವೆಯ ಹುಲ್ಲು. ಅದನ್ನು ಕೊಡವಿದರೆ ಏಳುವ ಧೂಳಿನಲ್ಲಿ ಈ ಬೂಷ್ಟಿನ ಕಣಗಳು ತುಂಬಿರುತ್ತವೆ, 2-3 ಮೈಕ್ರಾನ್ ಅಷ್ಟೇ ಇರುವುದರಿಂದ ಶ್ವಾಸಕೋಶದ ತುದಿವರೆಗೂ ಇಳಿಯುತ್ತವೆ. ನಾವೆಲ್ಲ ದಿನಾ ಉಸಿರಲ್ಲಿ ಎಳೆದುಕೊಳ್ಳುತ್ತೇವೆ, ನಮ್ಮ ಬಿಳಿ ರಕ್ತಕಣ ಅವನ್ನು ಮುಗಿಸಿಬಿಡುತ್ತದೆ. ಅವರಲ್ಲಿ ಮುಗಿಸುವವರೇ ಇರಲಿಲ್ಲ.

ಅವತ್ತೇ ಸಿಟಿ ಮಾಡಿಸಿದೆ. ಗಂಟುಗಳ ಸುತ್ತ ಮಂಜು ಕವಿದಂತೆ ಬಳೆ. ಅಲ್ಲಿ ರಕ್ತ ಜಿನುಗಿದೆ ಅಂತ ಅರ್ಥ. ಪ್ಲೇಟ್‌ಲೆಟ್ ಹಾಕಿಸಿ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವುದು) ಮಾಡಿ, ಶ್ವಾಸಕೋಶ ತೊಳೆದ ನೀರನ್ನು ಟಿಬಿಗೂ, ಈ ಫಂಗಸ್ ಬಿಡುವ ಗ್ಯಾಲಕ್ಟೋಮ್ಯಾನನ್ ಎಂಬ ವಸ್ತುವಿನ ಪರೀಕ್ಷೆಗೂ ಕಳಿಸಿದೆ. ಟಿಬಿ ಇಲ್ಲ, ಗ್ಯಾಲಕ್ಟೋಮ್ಯಾನನ್ ಪಾಸಿಟಿವ್.

ಇದಕ್ಕೆ ನಾನು ಮೊದಲು ಕೊಡುವುದು ವೊರಿಕೊನಜೋಲ್ ಎಂಬ ಫಂಗಸ್ ಔಷಧಿ. 2002ರ ದೊಡ್ಡ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ 12 ವಾರಕ್ಕೆ ಸುಮಾರು 71% ಜನ ಬದುಕಿದ್ದರು, ಹಳೆಯ ಫಂಗಸ್ ಔಷಧಿ ಆಂಫೊಟೆರಿಸಿನ್‌ನಲ್ಲಿ 58%. ಆದರೆ ಇವರಿಗೆ ಕೊಡುವ ಹಾಗಿರಲಿಲ್ಲ. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್, ವೊರಿಕೊನಜೋಲ್ ರಕ್ತದಲ್ಲಿ ನಿಲ್ಲದ ಹಾಗೆ ಮಾಡುತ್ತದೆ, ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಪರಿಣಾಮ ಇರುತ್ತದೆ. ಅದಕ್ಕೇ ಟಿಬಿ ಮಾತ್ರೆ ನಿಲ್ಲಿಸಿ, ಲೈಪೋಸೋಮಲ್ (ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದ) ಆಂಫೊಟೆರಿಸಿನ್ ಡ್ರಿಪ್ ಹಾಕಿ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ದಿನಾ ನೋಡುತ್ತಾ ಆ ಎರಡು ವಾರ ಕಳೆದೆವು. ಸುಮ್ಮನೆ ಶುರು ಮಾಡಿದ ಮಾತ್ರೆಯ ಬೆಲೆ ಇದು.

ಒಂದು ವಾರದ ಸಿಟಿಯಲ್ಲಿ ಗಂಟು ಇನ್ನೂ ದೊಡ್ಡದಾಗಿತ್ತು. ಮನೆಯವರು ಅತ್ತರು. ರಕ್ತಕಣ ಏರುವಾಗ ಹೀಗಾಗುವುದುಂಟು, ಜ್ವರ ಇಳಿದಿದೆ ಅಲ್ವಾ ಅಂತ ಸಮಾಧಾನ ಹೇಳಿದೆ, ಔಷಧಿ ಬದಲಿಸಲಿಲ್ಲ. ಆಮೇಲೆ ವೊರಿಕೊನಜೋಲ್ ಮಾತ್ರೆ, ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಒಂದು ಗಂಟೆ ನಂತರ. ಬಣ್ಣಗಳು ವಿಚಿತ್ರವಾಗಿ ಕಾಣಬಹುದು, ಬಿಸಿಲಿಗೆ ಹೋಗಬೇಡಿ ಅಂತ ಮೊದಲೇ ಹೇಳಿದ್ದರಿಂದ ಅವರು ಹೆದರಲಿಲ್ಲ. ಐದನೇ ದಿನ ರಕ್ತದಲ್ಲಿ ಔಷಧಿಯ ಮಟ್ಟ ನೋಡಿ ಡೋಸ್ ಸರಿ ಮಾಡಿದೆ.

ಮೂರು ತಿಂಗಳು ಮಾತ್ರೆ ನಡೆಯಿತು. ಈಗ ಹುಲ್ಲು ಹಾಕುವುದು ಅವರ ಹೆಂಡತಿ. "ಕೊಟ್ಟಿಗೆ ಕಡೆ ಬಿಡಲ್ಲ ಸಾರ್" ಅಂತ ಬಂದಾಗೆಲ್ಲ ಹೇಳುತ್ತಾರೆ.