ಪುಟ್ಟ ರೈಲಿಗೊಂದು ಚಿನ್ನದ ಗಣಿ

ಮಾದರಿ ರೈಲಿನ ಹಲಗೆಯ ಮೇಲೆ ಕೆಜಿಎಫ್ ಮೂಡಿಸಹೊರಟವರು ಮೊದಲು ಗುಡ್ಡವೊಂದನ್ನು ಮಾಡಿ, ಸುರಂಗ ಕೊರೆದು, ರೈಲನ್ನು ಅದರೊಳಗೆ ನುಗ್ಗಿಸುತ್ತಾರೆ. ಆದರೆ ಕೋಲಾರದ ಚಿನ್ನ ಇದ್ದದ್ದು ಕಾಲಡಿಯಲ್ಲಿ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ರೈಲು ಗಣಿಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು, ಅಷ್ಟೆ. ಹಾಗಾಗಿ ನೆಲದ ಮೇಲೆ ಕಾಣುವ ಹೆಡ್‌ಗೇರ್ (ಗಣಿಬಾಯಿಯ ಮೇಲಿನ ಗಾಲಿಗೋಪುರ), ವೈಂಡರ್ ಮನೆ (ಹಗ್ಗ ಸುತ್ತುವ ಯಂತ್ರದ ಮನೆ) ಮತ್ತು ಸೈನೈಡ್ ಗುಡ್ಡ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ಮಾಡಿದರೆ ಸಾಕು.

ಹಲಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಇರಲಿ. ಬಂಗಾರಪೇಟೆಯಿಂದ ಬರುವ ಮಾರ್ಗ ಮಾರಿಕುಪ್ಪಂನಲ್ಲಿ ಮುಗಿಯುವುದರಿಂದ ಹಳಿಯನ್ನು ಸುತ್ತು ಬಳಸುವ ಅಗತ್ಯವೇ ಇಲ್ಲ. ಹಳಿ ಮುಂದೆ, ಗಣಿ ಹಿಂದೆ.

ಎಲ್ಲರೂ ಎಡವುವುದು ಹೆಡ್‌ಗೇರ್‌ನಲ್ಲಿ. ನಾಲ್ಕು ಸಮ ಕಾಲು ನಿಲ್ಲಿಸಿ, ತುದಿಗೊಂದು ಅಂಗಿಯ ಗುಂಡಿ ಅಂಟಿಸಿದರೆ ಅದು ವಿದ್ಯುತ್ ಗೋಪುರವಾಗುತ್ತದೆ. ಮೊದಲು ಹಗ್ಗದ ದಾರಿ ನೋಡಿ. ಶಾಫ್ಟ್‌ನಿಂದ, ಅಂದರೆ ಗಣಿಗಿಳಿಯುವ ಬಾವಿಯಿಂದ, ನೆಟ್ಟಗೆ ಏರಿದ ಹಗ್ಗ ಗಾಲಿಯನ್ನು ಬಳಸಿ, ವೈಂಡರ್ ಮನೆಯ ಡ್ರಮ್ಮಿಗೆ ಓರೆಯಾಗಿ ಇಳಿಯುತ್ತದೆ. ಆ ಸೆಳೆತಕ್ಕೆ ಗೋಪುರ ವೈಂಡರ್ ಕಡೆಗೆ ವಾಲದಿರಲೆಂದೇ ಉದ್ದನೆಯ ಆಸರೆ ಕಾಲುಗಳು ಆ ಬದಿಗೆ ಚಾಚಿರುತ್ತವೆ. ರಟ್ಟಿನ ಮೇಲೆ ಪಕ್ಕನೋಟವನ್ನು ಮಾದರಿಯ ಅಳತೆಯಲ್ಲೇ ಬರೆದು, ಹಗ್ಗದ ಎರಡು ಗೆರೆಗಳ ನಡುವಿನ ಕೋನವನ್ನು ಅರ್ಧ ಮಾಡಿ. ಆಸರೆ ಕಾಲು ಆ ಅರ್ಧಗೆರೆಯಲ್ಲಿ ಅಥವಾ ಅದಕ್ಕಿಂತ ತುಸು ಹೊರಗೆ, ವೈಂಡರ್ ಬದಿಗೆ, ಬರಬೇಕು, ಒಳಗೆ ಬರಬಾರದು. ಆಮೇಲೆ ಆ ಚಿತ್ರದ ಮೇಲೆಯೇ ಕಡ್ಡಿಗಳನ್ನಿಟ್ಟು ಅಂಟಿಸಿ. ಕಾಲಿಗೆ ಬಿದಿರು ಕಡ್ಡಿ, ಅಡ್ಡಪಟ್ಟಿಗೆ ಉರಿದು ಉಳಿದ ಊದುಬತ್ತಿ ಕಡ್ಡಿ. ದುಬಾರಿ ಪ್ಲಾಸ್ಟಿಕ್ ಕಿಟ್‌ಗಳಿಗೆ ಹಣ ಸುರಿಯಬೇಡಿ. ಅವುಗಳಲ್ಲಿ ಹೆಚ್ಚಿನವು ಯುರೋಪಿನ ಕಲ್ಲಿದ್ದಲು ಗಣಿಗಳ ನಕಲು.

ಗಾಲಿ ಚಿಕ್ಕದಾದರೂ ಆಟ ಕೆಡುತ್ತದೆ. ಹತ್ತಡಿ ವ್ಯಾಸವೆಂದು ಹಿಡಿದರೆ 1:87ರ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ಮೂರೂವರೆ ಸೆಂಟಿಮೀಟರ್. ಒಂದು ಕೇಜ್ (ಹಗ್ಗಕ್ಕೆ ತೂಗುವ ಲಿಫ್ಟ್) ಏರುವಾಗ ಇನ್ನೊಂದು ಇಳಿಯುವುದರಿಂದ ಗಾಲಿಗಳು ಎರಡು ಬೇಕು. ಒಂದು ಹಗ್ಗ ಡ್ರಮ್ಮಿನ ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೊರಡಲಿ. ಕಪ್ಪು ದಾರಕ್ಕೆ ಮೇಣ ಉಜ್ಜದಿದ್ದರೆ ಜುಂಗು ಎದ್ದು ಕಾಣುತ್ತದೆ.

ವೈಂಡರ್ ಮನೆಗೆ ರಟ್ಟಿನ ಪೆಟ್ಟಿಗೆ, ಮೇಲೊಂದು ತಗಡಿನ ಚಾವಣಿ.

ಸೈನೈಡ್ ಗುಡ್ಡಕ್ಕೆ ಥರ್ಮಕೋಲ್ ಸಾಕು. ಅದಕ್ಕೆ ನೇರವಾಗಿ ಸ್ಪ್ರೇ ಬಣ್ಣ ಹೊಡೆದರೆ ಕರಗಿ ಗುಳಿ ಬೀಳುತ್ತದೆ. ಮೊದಲು ಕಾಗದದ ತಿರುಳು, ಫೆವಿಕಾಲ್ ಬಳಿಯಿರಿ. ತಲೆ ಚಪ್ಪಟೆ, ಮೈತುಂಬ ಮಳೆನೀರು ಕೊರೆದ ಸೀಳು, ಬಣ್ಣ ಮಾಸಲು ಬೂದಿ. ಹುಲ್ಲು ತೋರಿಸುವ ಹಸಿರು ಪುಡಿಯ ಡಬ್ಬಿಯನ್ನು ಮುಟ್ಟಬೇಡಿ.

ಗಣಿ ಮುಚ್ಚಿದ್ದು 2001ರಲ್ಲಿ. ಈಗಿನ ರೈಲು ಓಡಿಸುವುದಾದರೆ ಹೆಡ್‌ಗೇರ್‌ಗೆ ತುಕ್ಕು ಬಳಿಯಿರಿ. ಹಳೆಯ ಕಾಲದ ಗೂಡ್ಸ್ ಇಟ್ಟರೆ ಅದಕ್ಕೆ ಅದಿರು ತುಂಬಬೇಡಿ. ಅದಿರನ್ನು ಗಣಿಯ ಬಳಿಯ ಗಿರಣಿಯಲ್ಲೇ ಅರೆಯುತ್ತಿದ್ದರು. ಬರುವಾಗ ಮರದ ದಿಮ್ಮಿ, ಯಂತ್ರದ ಬಿಡಿಭಾಗ ಹೇರಿ. ಮರಳುವಾಗ ವ್ಯಾಗನ್ ಖಾಲಿ ಇರಲಿ.